ಔಷಧ ನಿರೋಧಕ ಟೈಫಾಯ್ಡ್ ಮತ್ತು ನವಿ ಮುಂಬೈ ಲಸಿಕಾ ಅಭಿಯಾನ

ಪ್ರತಿಜೀವಕಕ್ಕೆ ಬಗ್ಗದ ಸೋಂಕಿಗೆ ಹೊಸ ಔಷಧವೊಂದೇ ಉತ್ತರ ಎಂದು ಅಭ್ಯರ್ಥಿಗಳು ಬರೆಯುವುದುಂಟು. ಟೈಫಾಯ್ಡ್‌ನ ಇತಿಹಾಸ ಇದನ್ನು ಒಪ್ಪುವುದಿಲ್ಲ. ಸಾಲ್ಮೊನೆಲ್ಲಾ ಟೈಫಿ ಮೊದಲು ಕ್ಲೋರಾಂಫೆನಿಕಾಲ್‌ಗೆ, ಆಮೇಲೆ ಸಿಪ್ರೊಫ್ಲಾಕ್ಸಾಸಿನ್‌ಗೆ ನಿರೋಧ ಬೆಳೆಸಿಕೊಂಡಿತು. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹಬ್ಬಿದ ತಳಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ. ವೈದ್ಯರ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಅಜಿಥ್ರೊಮೈಸಿನ್ ಮತ್ತು ಕಾರ್ಬಾಪೆನೆಮ್. ಹೀಗಿರುವಾಗ, ನವಿ ಮುಂಬೈ ಮಹಾನಗರಪಾಲಿಕೆ 2018ರಲ್ಲಿ ಇಟ್ಟ ಹೆಜ್ಜೆ ನಿಜಕ್ಕೂ ದೊಡ್ಡದು. 9 ತಿಂಗಳಿಂದ 14 ವರ್ಷದವರೆಗಿನ ಮಕ್ಕಳಿಗೆ ಅದು ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಹಾಕಿಸಿತು. ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಜಗತ್ತಿನಲ್ಲೇ ಇದು ಮೊದಲ ಪ್ರಯತ್ನ. ಮೊದಲ ಹಂತದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಲಸಿಕೆ ಪಡೆದರು. ಬಳಸಿದ್ದು ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಪ್‌ಬಾರ್-ಟಿಸಿವಿ.

ಲಸಿಕೆ ಈಗಾಗಲೇ ಮಲಗಿರುವ ರೋಗಿಯನ್ನು ಗುಣಪಡಿಸದು ಎಂಬ ಆಕ್ಷೇಪ ಸರಿಯೇ. ಅವನಿಗೆ ರಕ್ತದ ಕಲ್ಚರ್ ಮಾಡಿಸಿ, ಯಾವ ಔಷಧ ನಾಟುತ್ತದೆಂದು ತಿಳಿದು ಚಿಕಿತ್ಸೆ ಕೊಡಬೇಕು. ಆದರೆ ಸೋಂಕು ಕಡಿಮೆಯಾದಂತೆ ಪ್ರತಿಜೀವಕದ ಬಳಕೆಯೂ ಇಳಿಯುತ್ತದೆ, ನಿರೋಧಕ ತಳಿ ಬೆಳೆಯುವ ಅವಕಾಶವೂ ಕುಗ್ಗುತ್ತದೆ. ಶುದ್ಧ ನೀರು, ಒಳಚರಂಡಿ ಸಾಕಲ್ಲವೇ ಎನ್ನುವವರೂ ಇದ್ದಾರೆ. ಅವು ಬೇಕೇ ಬೇಕು. ಆದರೆ ಪೈಪು ಹಾಕಿ ಮುಗಿಯಲು ವರ್ಷಗಳು ಹಿಡಿಯುತ್ತವೆ, ಮಕ್ಕಳು ಅಷ್ಟು ಕಾಯಲಾಗದು. ಪಾಕಿಸ್ತಾನ 2019ರಲ್ಲಿ ಇದೇ ಬಗೆಯ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ ಮೊದಲ ದೇಶವಾಯಿತು.