ಹಾವಿನ ಬಣ್ಣವೂ ಅದರಲ್ಲಿ ಅಡಗಿರುವ ಗುಣವೂ

ಗದ್ದೆಯ ಬದುವಿನಲ್ಲಿ ಇಲಿಗಳನ್ನು ಬೆನ್ನಟ್ಟುವ ಕೇರೆಹಾವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಇಲಿಗಳನ್ನು ಹಿಡಿದು ತಿನ್ನುವ, ವಿಷವಿಲ್ಲದ ಇಂಥ ಹಾವುಗಳು ಅಮೆರಿಕದಲ್ಲಿಯೂ ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ವಾಸಿಸುವ ಕಾರ್ನ್ ಹಾವು ಅವುಗಳಲ್ಲೊಂದು. ಮುಸುಕಿನ ಜೋಳದ ಕಣಜಗಳ ಬಳಿ ಇಲಿಗಳಿಗಾಗಿ ಸುಳಿದಾಡುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಹೊಟ್ಟೆಯ ಮೇಲಿನ ಚೌಕಗಳು ಬಣ್ಣಬಣ್ಣದ ಜೋಳದ ತೆನೆಯನ್ನು ಹೋಲುವುದರಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ನಮ್ಮ ದೇಶದಲ್ಲಿ ಕೇರೆಹಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವುದಾಗಲಿ ಮಾರುವುದಾಗಲಿ ಸಲ್ಲದು. ಅಮೆರಿಕದಲ್ಲಾದರೋ ಕಾರ್ನ್ ಹಾವನ್ನು ಮನೆಯಲ್ಲಿ ಸಾಕುವವರು ಬಹಳ. ಸಾಕಣೆಯಲ್ಲಿಯೇ ಹುಟ್ಟಿದ ಮರಿಗಳು ಹತ್ತಾರು ಬಣ್ಣಗಳಲ್ಲಿ ಮಾರಾಟಕ್ಕೆ ಬರುತ್ತವೆ. ಬಣ್ಣಕ್ಕೆ ತಕ್ಕಂತೆ ಬೆಲೆ. ಆದರೆ ಕಣ್ಣಿಗೆ ಕಾಣುವ ಬಣ್ಣದಿಂದ ಹಾವಿನ ಗುಣವನ್ನು ಎಷ್ಟರಮಟ್ಟಿಗೆ ತಿಳಿಯಬಹುದು?

ಮೊದಲು ಬಣ್ಣದ ಮಾತು. ಕಾಡಿನ ಕಾರ್ನ್ ಹಾವಿನ ಮೈ ಕಿತ್ತಳೆ ಇಲ್ಲವೆ ಕಂದು. ಅದರ ಮೇಲೆ ಕಪ್ಪು ಅಂಚುಳ್ಳ ಕೆಂಪು ಮಚ್ಚೆಗಳು. ಚರ್ಮದಲ್ಲಿ ಬಣ್ಣಕ್ಕೆ ಕಾರಣವಾದ ಕೋಶಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ತನ್ನ ಮೇಲೆ ಬಿದ್ದ ಬೆಳಕನ್ನು ಬಹುಮಟ್ಟಿಗೆ ಹೀರಿಕೊಳ್ಳುವುದರಿಂದ ಕಪ್ಪಾಗಿ ಕಾಣುತ್ತದೆ. ಎರಡನೆಯದರ ವರ್ಣದ್ರವ್ಯಗಳು ನೀಲಿಯ ಕಡೆಯ ಬೆಳಕನ್ನು ಹೀರಿ, ಹಳದಿ ಕೆಂಪುಗಳನ್ನು ಹಿಂದಿರುಗಿಸುತ್ತವೆ. ಮೂರನೆಯ ಬಗೆಯ ಕೋಶಗಳಲ್ಲಿ ವರ್ಣದ್ರವ್ಯವೇ ಇಲ್ಲ. ಪದರ ಪದರವಾಗಿರುವ ಸೂಕ್ಷ್ಮ ಹರಳುಗಳು ಬೆಳಕನ್ನು ಪ್ರತಿಫಲಿಸುತ್ತವೆ.

ಇನ್ನು ಮೆಲನಿನ್ ತಯಾರಾಗದೆ ಹೋಯಿತೆನ್ನೋಣ. ಕಪ್ಪು ಅಂಚುಗಳು ಮಾಯವಾಗಿ ಕೆಂಪು ಕಿತ್ತಳೆಗಳು ಮಾತ್ರ ಉಳಿಯುತ್ತವೆ. ರಕ್ತದ ಬಣ್ಣ ತೋರುವುದರಿಂದ ಕಣ್ಣುಗಳೂ ಕೆಂಪಾಗುತ್ತವೆ. ಇದನ್ನು ಅಮೆಲನಿಸ್ಟಿಕ್ ಎನ್ನುವರು. ಹಾಗಲ್ಲದೆ ಕೆಂಪು ಮಾತ್ರ ಕಾಣೆಯಾದರೆ ಹಾವು ಕಪ್ಪು ಬೂದು ಬಣ್ಣಗಳದಾಗುತ್ತದೆ, ಇದು ಅನೆರಿತ್ರಿಸ್ಟಿಕ್. ಎರಡು ಲೋಪಗಳೂ ಕೂಡಿದ ಹಾವು ನಸುಗೆಂಪು ಬೆರೆತ ಬಿಳುಪು. ವ್ಯಾಪಾರದಲ್ಲಿ ಅದಕ್ಕೆ ಸ್ನೋ, ಎಂದರೆ ಹಿಮ, ಎಂದು ಹೆಸರು.

ಮೆಲನಿನ್ನಿನ ಈ ಲೋಪವು ಮೆಂಡೆಲನ ಬಟಾಣಿ ಗಿಡಗಳ ಗುಣಗಳಂತೆಯೇ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆಂಬುದನ್ನು ಚರ್ಮವೈದ್ಯ ಬರ್ನಾರ್ಡ್ ಬೆಕ್ಟೆಲರೂ ಅವರ ಪತ್ನಿಯೂ ಸಾಕಿದ ಹಾವುಗಳಲ್ಲಿ ತೋರಿಸಿ 1962ರಲ್ಲಿ ಪ್ರಕಟಿಸಿದರು. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಇದರ ಮೂಲವನ್ನೇ ಕಂಡರು: ಸ್ಥಾನ ಬದಲಿಸಬಲ್ಲ ಡಿಎನ್‌ಎ ತುಣುಕೊಂದು ಒಸಿಎ2 ಎಂಬ ಜೀನಿನೊಳಗೆ ಸೇರಿಕೊಂಡಿತ್ತು. ಮಾನವರಲ್ಲಿ ಒಂದು ಬಗೆಯ ಬಿಳಿತೊನ್ನಲ್ಲದ ಹುಟ್ಟುಬಿಳುಪಿಗೆ ಕಾರಣವಾಗುವುದೂ ಇದೇ ಜೀನಿನ ದೋಷ.

ಪ್ರತಿಯೊಂದು ಮರಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು ಜೀನನ್ನು ಪಡೆಯುತ್ತದೆ. ಎರಡೂ ದೋಷಯುಕ್ತವಾದಾಗ ಮಾತ್ರ ಬಣ್ಣ ಕೆಡುತ್ತದೆ. ಒಂದು ಸರಿಯಾಗಿದ್ದರೆ ಹಾವು ಕಾಡಿನ ಹಾವಿನಂತೆಯೇ ಇರುತ್ತದೆ, ದೋಷವನ್ನು ಮಾತ್ರ ಒಳಗೆ ಹೊತ್ತಿರುತ್ತದೆ. ಇಂಥ ವಾಹಕ ಹಾವನ್ನು ಮಾರಾಟಗಾರರು 'ಹೆಟ್' ಎನ್ನುತ್ತಾರೆ. ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. '66 ಪ್ರತಿಶತ ಹೆಟ್' ಎಂಬ ಚೀಟಿ ಕಂಡೊಡನೆ, ಆ ಗುಣ ಹಾವಿನಲ್ಲಿ ಮೂರನೆಯ ಎರಡು ಪಾಲು ಇದೆಯೆಂದು ಭಾವಿಸುವವರುಂಟು. ಗುಣ ಪಾಲಾಗುವುದಿಲ್ಲ; ಇದ್ದರೆ ಇದೆ, ಇಲ್ಲವಾದರೆ ಇಲ್ಲ. ಎರಡು ವಾಹಕಗಳು ಕೂಡಿದಾಗ ಸರಾಸರಿ 4 ಮರಿಗಳಲ್ಲಿ 1 ಅಮೆಲನಿಸ್ಟಿಕ್, 2 ವಾಹಕ, 1 ಶುದ್ಧ. ಅಮೆಲನಿಸ್ಟಿಕ್ ಮರಿಯನ್ನು ಕಣ್ಣಿನಿಂದಲೇ ಬೇರ್ಪಡಿಸಬಹುದು. ಉಳಿದ ಮೂರೂ ನೋಟಕ್ಕೆ ಒಂದೇ; ಅವುಗಳಲ್ಲಿ ಎರಡು ವಾಹಕ. ಆ 66 ಎಂಬುದು ಹಾವಿನ ಗುಣದ ಅಳತೆಯಲ್ಲ, ನಮ್ಮ ತಿಳಿವಳಿಕೆಯ ಅಳತೆ!

ಸಂದೇಹವನ್ನು ಪರಿಹರಿಸುವ ಬಗೆಯಿದೆ. ಸಂಶಯದ ಹಾವನ್ನು ಅಮೆಲನಿಸ್ಟಿಕ್ ಹಾವಿನೊಡನೆ ಕೂಡಿಸಬೇಕು. ಒಂದೇ ಒಂದು ಕೆಂಗಣ್ಣಿನ ಮರಿ ಹುಟ್ಟಿದರೂ ವಾಹಕವೆಂಬುದು ಸಿದ್ಧ. 10 ಮರಿಗಳೂ ಸಾಮಾನ್ಯ ಬಣ್ಣದವಾದರೆ? ವಾಹಕವಾಗಿದ್ದೂ ಹಾಗಾಗುವ ಸಂಭವ, ನಾಣ್ಯವನ್ನು ಹತ್ತು ಸಲ ಚಿಮ್ಮಿ ಹತ್ತು ಸಲವೂ ಒಂದೇ ಮುಖ ಬೇಕೆಂದಂತೆ, 1024ರಲ್ಲಿ 1. ಪರೀಕ್ಷೆಗೆ ಮುಂಚೆ ವಾಹಕವಾಗಿರುವ ಸಂಭವ ಒಂದಕ್ಕೆ ಎರಡರಂತೆ ಇದ್ದುದನ್ನೂ ಗಣಿಸಿದರೆ, ಉಳಿಯುವ ಸಂದೇಹ 513ರಲ್ಲಿ 1. ಲೆಕ್ಕ ಸುಲಭ, ಕಾಯುವುದು ಕಷ್ಟ. ಮರಿ ಪ್ರಾಯಕ್ಕೆ ಬರಲು 2-3 ವರ್ಷ ಬೇಕು, ಆಮೇಲೆ ಮೊಟ್ಟೆಯೊಡೆಯಲು ಸುಮಾರು ಎರಡು ತಿಂಗಳು. ಹೆಣ್ಣು ಹಾವು ಹಿಂದಿನ ಕೂಟದ ವೀರ್ಯವನ್ನು ದೇಹದಲ್ಲಿ ಉಳಿಸಿಕೊಳ್ಳಬಲ್ಲುದಾದ್ದರಿಂದ, ಮರಿಗಳ ತಂದೆ ಯಾವುದೆಂಬುದನ್ನೂ ಖಚಿತಮಾಡಿಕೊಳ್ಳಬೇಕು. ಆದುದರಿಂದ ಬಲ್ಲವರು ಚೀಟಿಯನ್ನಲ್ಲ, ತಂದೆತಾಯಿಗಳ ದಾಖಲೆಯನ್ನು ಕೇಳುತ್ತಾರೆ.

ಮರಿಯ ಬಣ್ಣವನ್ನೇ ನಂಬುವಂತಿಲ್ಲ. ಮೊಟ್ಟೆಯೊಡೆದು ಬಂದ ಸಾಮಾನ್ಯ ಮರಿಯಲ್ಲಿ ದೊಡ್ಡ ಹಾವಿನ ಕಿತ್ತಳೆ ಕಾಂತಿ ಇರುವುದಿಲ್ಲ. ಹಲವು ಸಲ ಪೊರೆ ಬಿಟ್ಟು ಬೆಳೆದಂತೆ ಅದು ತುಂಬಿಕೊಳ್ಳುತ್ತದೆ.

ದೊಡ್ಡ ಹಾವುಗಳಲ್ಲಿಯೂ ಒಂದು ತೊಡಕುಂಟು. ಅನೆರಿತ್ರಿಸ್ಟಿಕ್ ಹಾವಿನಂತೆ ಬೂದಾಗಿ ಕಾಣುವ ಇನ್ನೊಂದು ಬಗೆಗೆ ಚಾರ್‌ಕೋಲ್, ಎಂದರೆ ಇದ್ದಿಲು, ಎಂದು ಹೆಸರು. ಅನೆರಿತ್ರಿಸ್ಟಿಕ್ ಹಾವಿಗೆ ಬೆಳೆದಂತೆ ಕುತ್ತಿಗೆಯ ಬಳಿ ಹಳದಿ ಛಾಯೆ ಮೂಡುವುದು ವಾಡಿಕೆ, ಇದ್ದಿಲಿನ ಬಗೆಯಲ್ಲಿ ಸಾಮಾನ್ಯವಾಗಿ ಅದು ತೋರದು. ಇವೆರಡನ್ನೂ ಕೂಡಿಸಿದರೆ ಒಂದು ಸೋಜಿಗ: ತಂದೆತಾಯಿಗಳಿಬ್ಬರೂ ಬೂದು, ಮರಿಗಳೆಲ್ಲ ಕಾಡಿನ ಹಾವಿನ ಬಣ್ಣ! ಎರಡು ಬೂದುಗಳಿಗೂ ಕಾರಣವಾದ ಜೀನುಗಳು ಬೇರೆ ಬೇರೆ. ತಂದೆಯಲ್ಲಿ ಕೆಟ್ಟಿರುವ ಜೀನು ತಾಯಿಯಲ್ಲಿ ಸರಿಯಾಗಿದೆ, ತಾಯಿಯಲ್ಲಿ ಕೆಟ್ಟಿರುವುದು ತಂದೆಯಲ್ಲಿ ಸರಿಯಾಗಿದೆ. ಪ್ರತಿ ಮರಿಗೂ ಎರಡರಲ್ಲಿಯೂ ಒಂದೊಂದು ಸರಿಯಾದ ಪ್ರತಿ ದೊರೆಯುತ್ತದೆ. ಎರಡು ಹಾವುಗಳೂ ಒಂದೇ ಬಗೆಯವಾಗಿದ್ದರೆ ಮರಿಗಳೆಲ್ಲ ಬೂದು ಬಣ್ಣದಲ್ಲಿಯೇ ಹುಟ್ಟುತ್ತಿದ್ದವು.