ಕಾರ್ಬನ್ ಫಿಲ್ಟರ್ ಯಾವ ನೀರಿಗೆ ಸಾಕು, ಯಾವ ನೀರಿಗೆ ಸಾಲದು?

ಪ್ರಶ್ನೆ: ನಮ್ಮೂರಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆಯಂತೆ. ಮಗಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿದೆ. ನಲ್ಲಿಗೆ ಕಾರ್ಬನ್ ಫಿಲ್ಟರ್ ಹಾಕಿಸಿದರೆ ಸಾಕು ಅನ್ನುತ್ತಾರೆ ಅಂಗಡಿಯವರು. ನಿಜವೇ ಸರ್?
— ಓದುಗರೊಬ್ಬರು, ರಾಯಚರ್ಲು

ಉತ್ತರ: ಸಾಲದು. ಸಕ್ರಿಯ ಇಂಗಾಲ ಹಿಡಿದಿಡುವುದು ಕ್ಲೋರಿನ್, ವಾಸನೆ, ಬಣ್ಣ ಮತ್ತು ಹಲವು ಕೀಟನಾಶಕಗಳನ್ನು. ಗ್ರಾನೈಟ್ ಬಂಡೆಯಿಂದ ನೀರಿಗೆ ಇಳಿದು ಕರಗಿದ ಫ್ಲೋರೈಡ್ ಅದನ್ನು ದಾಟಿ ಹೆಚ್ಚುಕಡಿಮೆ ಹಾಗೇ ಬರುತ್ತದೆ. ನೈಟ್ರೇಟ್, ಗಡಸುತನ, ಉಪ್ಪಿನಂಶಕ್ಕೂ ಇದೇ ಮಾತು. ಕುದಿಸಿದರೂ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ. ಅದಕ್ಕೂ ಹೆಚ್ಚಿದ್ದರೆ ಆರ್‌ಒ ಅಥವಾ ಆಕ್ಟಿವೇಟೆಡ್ ಅಲ್ಯೂಮಿನಾ ಬೇಕು. ಈಗಾಗಲೇ ಮೂಡಿದ ಕಲೆ ನೀರು ಬದಲಿಸಿದ ಮಾತ್ರಕ್ಕೆ ಅಳಿಯದು. ಆದರೂ ಬದಲಿಸಿ, ಮೂಳೆಗಳಾದರೂ ಉಳಿಯುತ್ತವೆ.

ಪ್ರಶ್ನೆ: ತೆಂಗಿನ ಚಿಪ್ಪಿನಿಂದಲೇ ಈ ಇಂಗಾಲ ಮಾಡುತ್ತಾರಂತೆ. ಮನೆಯಲ್ಲೇ ಚಿಪ್ಪು ಸುಟ್ಟು ಇದ್ದಿಲು ಮಾಡಿ ಬಳಸಬಹುದೇ?
— ಓದುಗರೊಬ್ಬರು, ಮಧುಗಿರಿ

ಉತ್ತರ: ಚಿಪ್ಪಿನಿಂದ ಮಾಡುವುದು ನಿಜ. ಆದರೆ ಒಲೆಯ ಇದ್ದಿಲಿಗೆ ಆ ಶಕ್ತಿ ಇರುವುದಿಲ್ಲ. ಕಾರ್ಖಾನೆಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಇದ್ದಿಲಿಗೆ ಹಬೆ ಹಾಯಿಸಿ, ಕಣ್ಣಿಗೆ ಕಾಣದ ರಂಧ್ರಗಳನ್ನು ತೆರೆಸುತ್ತಾರೆ. ಹಾಗೆ ಮಾಡಿದ 1 ಗ್ರಾಂ ಇಂಗಾಲದ ಒಳಮೈಯನ್ನೆಲ್ಲ ಹರಡಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತಿರಹತ್ತಿರ 10 ಗುಂಟೆ ಜಮೀನು! ಕಲ್ಮಶ ಅಂಟಿಕೊಳ್ಳುವುದು ಆ ಮೈಗೆ. ಜಾಗವೆಲ್ಲ ತುಂಬಿದ ಮೇಲೆ ಕಾರ್ಟ್ರಿಡ್ಜ್ ಬದಲಿಸಲೇಬೇಕು, ತೊಳೆದರೆ ಹೊಸದಾಗುವುದಿಲ್ಲ.

ಪ್ರಶ್ನೆ: ನಮಗೆ ನಲ್ಲಿಯಲ್ಲಿ ಹೇಮಾವತಿ ನೀರು ಬರುತ್ತದೆ. ಕೆಲವು ದಿನ ಬ್ಲೀಚಿಂಗ್ ಪೌಡರ್ ವಾಸನೆ ತಡೆಯಲಾಗುವುದಿಲ್ಲ. ಏನು ಮಾಡಲಿ?
— ಗೃಹಿಣಿ, ಸಿರಾ

ಉತ್ತರ: ಕಾರ್ಬನ್ ಫಿಲ್ಟರ್ ಹೇಳಿ ಮಾಡಿಸಿದಂತಿರುವುದು ನಿಮ್ಮ ನೀರಿಗೇ. ನಲ್ಲಿಯನ್ನು ಸಣ್ಣಗೆ ತಿರುಗಿಸಿ. ನೀರು ಇಂಗಾಲದ ಜೊತೆ ಹೆಚ್ಚು ಹೊತ್ತು ಇದ್ದಷ್ಟೂ ಒಳ್ಳೆಯದು. ಹೊಸ ಕಾರ್ಟ್ರಿಡ್ಜಿನಿಂದ ಮೊದಲು ಬರುವ ಕಪ್ಪು ನೀರನ್ನು ಚೆಲ್ಲಿಬಿಡಿ. ಒಂದು ಎಚ್ಚರಿಕೆ: ರೋಗಾಣುಗಳಿಂದ ಕಾಪಾಡುತ್ತಿದ್ದ ಕ್ಲೋರಿನ್ ಫಿಲ್ಟರ್ ದಾಟಿದ ಮೇಲೆ ಇರುವುದಿಲ್ಲ, ಹಳೇ ಇಂಗಾಲದ ಮೇಲೆಯೇ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದ್ದರಿಂದ ಸೋಸಿದ ನೀರನ್ನು ಕುದಿಸಿ ಆರಿಸಿ, ಮುಚ್ಚಿಟ್ಟು ಅಂದೇ ಬಳಸಿ. ಯುವಿ ದೀಪವಿರುವ ಫಿಲ್ಟರ್ ಆದರೆ ಕುದಿಸುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಅಲ್ಲಿ ಆರ್‌ಒ ಇದ್ದರೂ ಕಾರ್ಬನ್ ಸಿಲಿಂಡರ್ ಯಾಕೆ? ಈ ನೀರು ಕುಡಿಯಲು ಮಾತ್ರ ಸಾಕಲ್ಲವೇ?
— ಓದುಗರೊಬ್ಬರು, ಕೊರಟಗೆರೆ

ಉತ್ತರ: ಆರ್‌ಒ ಪೊರೆಯನ್ನು ಕ್ಲೋರಿನ್ ಹಾಳುಮಾಡುತ್ತದೆ, ಅದನ್ನು ಮೊದಲೇ ತಡೆಯಲು ಈ ಸಿಲಿಂಡರ್. ಇನ್ನು ಬೋರ್ ನೀರಲ್ಲಿ ಫ್ಲೋರೈಡ್ ಇದ್ದರೆ, ಕ್ಯಾನ್ ನೀರು ಕುಡಿದು ಮುದ್ದೆ, ಸಾರು, ಟೀಗೆ ಬೋರ್ ನೀರು ಹಾಕಿದರೆ ಅದು ಊಟದ ದಾರಿಯಲ್ಲಿ ಹೊಟ್ಟೆ ಸೇರುತ್ತದೆ. ಅಡುಗೆಗೂ ಘಟಕದ ನೀರೇ ಇರಲಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಕು. ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಘಟಕದ ನೀರು, ಬೋರ್ ನೀರು ಎರಡನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಡಿ ಎಂದು ಗ್ರಾಮ ಪಂಚಾಯಿತಿಯನ್ನು ಕೇಳಿ. ಯಾವ ಫಿಲ್ಟರ್ ಕೊಳ್ಳಬೇಕೆಂಬುದು ಆ ವರದಿ ನೋಡಿದ ಮೇಲಿನ ಮಾತು.