ಮಂಗನ ಕಾಯಿಲೆ: ಕಾಡು, ಉಣುಗು ಮತ್ತು ಮನುಷ್ಯ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಆಸುಪಾಸಿನ ಜನರೂ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಪತ್ತೆಹಚ್ಚಿದ ಹೊಸ ವೈರಸ್ಸಿಗೂ ಅದು ತರುವ ರೋಗಕ್ಕೂ ಆ ಕಾಡಿನ ಹೆಸರೇ ನಿಂತಿತು: ಕ್ಯಾಸನೂರು ಅರಣ್ಯ ಕಾಯಿಲೆ, ಅಂದರೆ ಕೆಎಫ್‌ಡಿ.

ಜನ ಇದನ್ನು ಮಂಗನ ಕಾಯಿಲೆ ಎಂದು ಕರೆದರೂ ರೋಗ ಹರಡುವುದು ಉಣುಗು. ಫ್ಲೇವಿವೈರಸ್ ಗುಂಪಿನ ಈ ವೈರಸ್ಸಿನ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ ವೈರಸ್ ಉಳಿದುಕೊಳ್ಳುತ್ತದೆ. ಸೋಂಕಿದ ಮಂಗ ಸತ್ತಾಗ ಮೈಮೇಲಿನ ಉಣುಗುಗಳು ಉದುರಿ ಸುತ್ತಲೂ ಹರಡುತ್ತವೆ. ಸೌದೆ, ದರಗಿಗೆ ಹೋದವರಿಗೆ ಕಚ್ಚುವುದು ಹೆಚ್ಚಾಗಿ ಇವುಗಳ ಮರಿ.

ಮನುಷ್ಯನಿಂದ ಮನುಷ್ಯನಿಗೆ ಇದು ಹರಡದು. ಹಾಗಾಗಿ ಈ ಸರಪಳಿಯಲ್ಲಿ ಮನುಷ್ಯ ಆಕಸ್ಮಿಕ ಅತಿಥಿ ಮಾತ್ರ. ಆದರೆ ಕಾಡು ಕಡಿದು ಗದ್ದೆ, ತೋಟ ಮಾಡಿದವನೂ, ಉಣುಗುಗಳಿಗೆ ರಕ್ತ ಒದಗಿಸುವ ದನಗಳನ್ನು ಕಾಡಿಗೆ ಅಟ್ಟಿದವನೂ ಅವನೇ.

ಪ್ರಕರಣಗಳು ಹೆಚ್ಚುವುದು ಡಿಸೆಂಬರ್‌ನಿಂದ ಮೇ ತನಕ; ಮರಣ ಪ್ರಮಾಣ ಶೇ 3ರಿಂದ 5. ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ ರೋಗ ಕಾಣಿಸಿಕೊಂಡಿದೆ. ಮನುಷ್ಯ, ಪ್ರಾಣಿ, ಪರಿಸರಗಳ ಆರೋಗ್ಯವನ್ನು ಒಟ್ಟಿಗೆ ನೋಡುವ ‘ಒಂದು ಆರೋಗ್ಯ’ ಪರಿಕಲ್ಪನೆಗೆ ಕರ್ನಾಟಕದ ಉದಾಹರಣೆ ಇದು.